ಕೆಂಚಿಯ ಪಾಲಿನ ಕಿಲೋ

ಹೆತ್ತೂರು ದಾಟಿ ಒಳರಸ್ತೆಗೆ ತಿರುಗಿ ನಾಲ್ಕು ಕಿಲೋಮೀಟರ್ ಹೋದರೆ ಒಂದು ಸರ್ಕಾರಿ ಶಾಲೆ, ಅದರ ಕಾಂಪೌಂಡಿನ ಮೂಲೆಯಲ್ಲಿ ಒಂದು ಅಂಗನವಾಡಿ. ಆ ಅಂಗನವಾಡಿಯನ್ನು ಮೂವತ್ತೊಂದು ವರ್ಷದಿಂದ ನಡೆಸುತ್ತಿರುವವಳು ದೇವೀರಮ್ಮ. ಊರಲ್ಲಿ ಈಗ ಮೀಸೆ ತಿರುವಿಕೊಂಡು ಓಡಾಡುವ ಗಂಡಸರೆಲ್ಲ ಒಂದು ಕಾಲದಲ್ಲಿ ಅವಳ ಸೆರಗಿಗೆ ಮೂಗು ಒರೆಸಿದವರೇ. ಹಾಗಾಗಿ ಅವಳ ಮಾತಿಗೆ ಎದುರಾಡುವ ಧೈರ್ಯ ಪಂಚಾಯ್ತಿ ಮೆಂಬರಿಗೂ ಇಲ್ಲ. ಒಂದು ಮಗು ಎರಡು ದಿನ ಬರದಿದ್ದರೆ ಮೂರನೆಯ ದಿನ ಎಸ್ಟೇಟಿನ ಕೂಲಿಯವರ ಲೈನ್‌ಮನೆಯ ಬಾಗಿಲಿಗೇ ಹೋಗಿ ನಿಲ್ಲುವ ಹೆಂಗಸು. ಇಂಥ ನೆಟ್ಟಗಿನವಳು ಒಂದೇ ಒಂದು ಸುಳ್ಳನ್ನು ಸುಮಾರು ಮೂವತ್ತು ವರ್ಷ, ತಿಂಗಳು ತಪ್ಪದೆ ಬರೆದಳು ಎಂದರೆ ಹೊರಗಿನವರು ನಂಬುವುದಿಲ್ಲ. ಊರವರು ಅದನ್ನು ಸುಳ್ಳೆಂದು ಎಣಿಸಿರಲೂ ಇಲ್ಲ.

ಸುಳ್ಳು ಇಷ್ಟೇ. ಮಗುವಿನ ತೂಕದಲ್ಲಿ ಒಂದು ಕಿಲೋ ಕಳೆದು ಬರೆಯುವುದು.

ಅದು ಶುರುವಾದದ್ದು ಕೆಂಚಿಯಿಂದ. ದೇವೀರಮ್ಮ ಆಗಿನ್ನೂ ಕೆಲಸಕ್ಕೆ ಸೇರಿದ ಹೊಸತು, ಇಪ್ಪತ್ತಾರರ ಹುರುಪು. ಆ ಕಾಲದ ಚಿಂತೆಯೆಲ್ಲ ಮಕ್ಕಳು ಸೊರಗುವುದರ ಬಗ್ಗೆ. ಸ್ಟೋರ್ ಕೋಣೆಯ ತೊಲೆಗೆ ನೇತುಹಾಕಿದ ಗುಂಡುಮುಖದ ತಕ್ಕಡಿ, ಅದರ ಕೊಕ್ಕೆಗೆ ಬಟ್ಟೆಯ ಜೋಳಿಗೆ, ಜೋಳಿಗೆಯಲ್ಲಿ ಕಾಲು ಇಳಿಬಿಟ್ಟು ಕೂತ ಮಗು. ಮುಳ್ಳು ಏಳಕ್ಕೋ ಎಂಟಕ್ಕೋ ಬಂದು ನಡುಗಿ ನಿಂತುಬಿಡುತ್ತಿತ್ತು. ಕಾಫಿ ಕುಯ್ಯುವ ಗಂಗಾಮಣಿಯ ಮಗಳು ಕೆಂಚಿ ಮಾತ್ರ ಬೇರೆ ಥರ. ಗಂಗಾಮಣಿ ಆಲೂರು ಕಡೆಯವಳು, ಕೆಂಚಮ್ಮ ದೇವಿಯ ಒಕ್ಕಲು, ಮಗುವಿಗೆ ಆ ಹೆಸರು ಬಂದದ್ದು ಹಾಗೆ. ಎರಡೂವರೆ ವರ್ಷದ ಆ ಗುಂಡುಗುಂಡಗಿನ ಮಗು ಜೋಳಿಗೆಯಲ್ಲಿ ಕೂತ ದಿನ ಮುಳ್ಳು ಸರ್ರನೆ ಹದಿಮೂರಕ್ಕೆ ಹೋಯಿತು. ದೇವೀರಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಬಾಗಿಲಿಗೆ ಓಡಿ ಬಂದು, ತೋಟಕ್ಕೆ ಹೊರಟಿದ್ದ ಹೆಂಗಸರಿಗೆಲ್ಲ ಕೇಳುವ ಹಾಗೆ, "ಹದಿಮೂರು ಕಿಲೋ ಕಣ್ರೇ, ನಮ್ ಕೆಂಚಿ ಹದಿಮೂರು ಕಿಲೋ" ಎಂದು ಕೂಗಿ ಹೇಳಿದಳು. ಹೆಂಗಸರೆಲ್ಲ ನಿಂತು ತಿರುಗಿ ನೋಡಿದರು. ಒಂಬತ್ತನೆಯ ದಿನ ಕೆಂಚಿಗೆ ಜ್ವರ ಬಂತು. ಸಕಲೇಶಪುರಕ್ಕೆ ಒಯ್ಯಲು ಜೀಪು ಸಿಗುವ ಮೊದಲೇ ಮಗು ಹೋಗಿಬಿಟ್ಟಿತು.

ಗಂಗಾಮಣಿ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಲೈನ್‌ಮನೆ ಖಾಲಿ ಮಾಡಿ ಊರು ಬಿಡುವ ದಿನ ಅಂಗನವಾಡಿಯ ಬಾಗಿಲಿಗೆ ಬಂದು ನಿಂತಳು. "ಟೀಚ್ರಮ್ಮ, ಕಾಫಿ ತೂಗುವಾಗ ತೋಟದ ರೈಟರ್ರು ಚೀಲದ್ದು ಅಂತ ಒಂದು ಕಿಲೋ ಕಳೀತಾರಲ್ಲ, ಹಂಗೇ ಮಕ್ಕಳದ್ದೂ ಕಳೀರಿ. ಆ ಒಂದು ಕಿಲೋ ನನ್ ಮಗೀಗೆ ಅಂತ ಬುಟ್ಬುಡಿ. ಅವಳ ಪಾಲು ಅವಳಿಗೆ ಸಿಕ್ತಾ ಇದ್ರೆ ಇನ್ಯಾವ ಮಗೀನ ತಂಟೆಗೂ ಕಣ್ಣು ಬರಾಕಿಲ್ಲ" ಎಂದಳು. ಅಷ್ಟು ಹೇಳಿ ಗಂಟು ಹೊತ್ತು ಇಳಿದು ಹೋದಳು. ಮತ್ತೆ ಆ ಕಡೆ ಬರಲಿಲ್ಲ.

ಆವತ್ತಿನಿಂದ ತಿಂಗಳಿಗೊಮ್ಮೆ ಬರುವ ತೂಕದ ಗುರುವಾರಗಳು ಸದ್ದಿಲ್ಲದೆ ನಡೆದವು. ದೇವೀರಮ್ಮ ಮುಳ್ಳು ನೋಡುತ್ತಾಳೆ, ಬಾಯಿ ಬಿಡುವುದಿಲ್ಲ, ಒಂದು ಕಿಲೋ ಕಳೆದು ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ತಾಯಿ ಗೋಡೆಯ ಕಡೆ ಮುಖ ಮಾಡಿ ನಿಂತು, "ಕೆಂಚೀದು ಕಳೆದ್ರಾ?" ಎಂದು ಮೆಲ್ಲಗೆ ಕೇಳುತ್ತಾಳೆ. "ಕಳೆದೆ ಕಣವ್ವ" ಎಂದ ಮೇಲೇ ಮಗುವನ್ನು ಎತ್ತಿಕೊಳ್ಳುವುದು. ದಿನಾ ಚೀಲ ತೂಗಿಸುವ ಜನಕ್ಕೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೊಸ ಸೊಸೆಯರಿಗೆ ಅತ್ತೆಯಂದಿರು ಹೇಳಿಕೊಡುವ ವಿಷಯಗಳಲ್ಲಿ ಇದೂ ಒಂದಾಯಿತು. ಮೇಲಿಂದ ಬರುವ ಸೂಪರ್‌ವೈಸರ್ ಪುಸ್ತಕ ತಿರುವಿ, ಈ ಊರಿನ ಮಕ್ಕಳು ಯಾಕೋ ತುಸು ಕಮ್ಮಿ ಎಂದು ಪುಷ್ಟಿ ಪುಡಿಯ ಪ್ಯಾಕೆಟ್ ಹೆಚ್ಚಿಗೇ ಕಳಿಸುತ್ತಿದ್ದರು. ಕೆಟ್ಟ ಕಣ್ಣಿಗೂ ಸರ್ಕಾರದ ಕಣ್ಣಿಗೂ ಒಟ್ಟಿಗೇ ಮಣ್ಣೆರಚಿದ್ದಾಯಿತು.

ಮಧ್ಯಾಹ್ನ ಮಕ್ಕಳು ಚಾಪೆಯ ಮೇಲೆ ಮಲಗಿದ ಹೊತ್ತಿನಲ್ಲಿ ಮಾತ್ರ ದೇವೀರಮ್ಮನಿಗೆ ಬೇಡದ ಯೋಚನೆ ಬರುತ್ತಿತ್ತು. ಒಂದೊಂದು ಮಗುವಿಂದ ತಿಂಗಳಿಗೊಂದು ಕಿಲೋ, ಮೂವತ್ತು ಮಕ್ಕಳು, ಇಷ್ಟು ವರ್ಷ. ಅಷ್ಟನ್ನೂ ತಿಂದವಳು ಈಗ ಎಷ್ಟು ದೊಡ್ಡವಳಾಗಿರಬೇಕು? ಆಗ ಅವಳ ಕಣ್ಣು ತಾನಾಗಿ ಸ್ಟೋರ್ ಕೋಣೆಯ ಬಾಗಿಲಿಗೆ ಹೋಗುತ್ತಿತ್ತು. ಕರೆಂಟಿನ ತೂಕದ ಯಂತ್ರ ಬಂದು ವರ್ಷಗಳಾದರೂ ಹಳೆಯ ತಕ್ಕಡಿಯನ್ನು ತೊಲೆಯಿಂದ ಯಾರೂ ಬಿಚ್ಚಿರಲಿಲ್ಲ. ಖಾಲಿ ಜೋಳಿಗೆ ಯಾಕೋ ಮಗು ಕೂತ ಹಾಗೆ ತಳ ಜಗ್ಗಿಕೊಂಡೇ ಇರುತ್ತಿತ್ತು. ಮುಳ್ಳು ಸೊನ್ನೆಯ ಮೇಲೆ ನಿಲ್ಲುತ್ತಿರಲಿಲ್ಲ, ಒಂದಿಷ್ಟು ಆಚೆ. ಸ್ಪ್ರಿಂಗ್ ಸೋತಿದೆ, ಬೇರೇನಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಗಾಳಿಯಿಲ್ಲದ ಹೊತ್ತಿನಲ್ಲೂ ತಕ್ಕಡಿಯ ಹಗ್ಗ ಕಿರ್ರೆಂದರೆ ಮಾತ್ರ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬರುತ್ತಿದ್ದಳು.

ಹೀಗಿರುವಾಗ ಮಗಳು ವಸಂತಳಿಗೆ ಪೂಜಿತಾ ಹುಟ್ಟಿದಳು. ಮೊಮ್ಮಗಳ ವಿಷಯಕ್ಕೆ ಬಂದರೆ ದೇವೀರಮ್ಮನಿಗೆ ಒಂದು ಕಿಲೋ ಸಾಲದಾಯಿತು. ವರ್ಷ ತುಂಬಿದಾಗ ಒಂದು ಕಳೆದಳು, ಎರಡು ತುಂಬಿದಾಗ ಎರಡು. ಕೂಸಿನ ಕೆನ್ನೆ ತುಂಬಿದಷ್ಟೂ ಅಜ್ಜಿಯ ಹೆದರಿಕೆ ಹೆಚ್ಚಿತು, ಕಳೆಯುವುದೂ ಹೆಚ್ಚಿತು. ಪೂಜಿತಾ ಅಂಗನವಾಡಿ ಬಿಟ್ಟು ಪಕ್ಕದ ಶಾಲೆಗೆ ಸೇರಿದಳು, ಆದರೆ ತೂಕ ಎಂದರೆ ದೇವೀರಮ್ಮ ಎಂದು ಹೆಡ್‌ಮಾಸ್ಟರು ಶಾಲೆಯ ಮಕ್ಕಳನ್ನೂ ಅವಳ ಹತ್ತಿರವೇ ಕಳಿಸುತ್ತಿದ್ದರು. ಹಾಗಾಗಿ ನಾಲ್ಕನೆಯ ಕ್ಲಾಸಿಗೆ ಬರುವ ಹೊತ್ತಿಗೆ, ಒಂಬತ್ತು ವರ್ಷದ ಹುಡುಗಿಗೆ ಪುಸ್ತಕದಲ್ಲಿ ಒಂಬತ್ತು ಕಿಲೋ ಕಮ್ಮಿ ಇತ್ತು.

ಮಗು ದಪ್ಪವಾಗದೆ ಇನ್ನೇನಾಗಬೇಕು ಹೇಳಿ. ವಸಂತಳ ಕಾಲದಲ್ಲಿ ಮಕ್ಕಳು ಮೂರು ಕಿಲೋಮೀಟರ್ ಗುಡ್ಡ ಹತ್ತಿಳಿದು ಶಾಲೆಗೆ ಬರುತ್ತಿದ್ದರು, ದಾರಿಯಲ್ಲಿ ನೇರಳೆ ಮರ ಕಂಡರೆ ಅದನ್ನೂ ಹತ್ತುತ್ತಿದ್ದರು. ಈಗ ತೋಟದೊಳಗೆಲ್ಲ ಆನೆ. ಇಂಥ ಕಡೆ ಹಿಂಡು ಇದೆ, ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಬೆಳಿಗ್ಗೆ ಎದ್ದರೆ ಫೋನಿಗೆ ಮೆಸೇಜು. ಮಕ್ಕಳು ಜೀಪಿನಲ್ಲಿ ಬರುತ್ತಾರೆ, ಜೀಪಿನಲ್ಲಿ ಹೋಗುತ್ತಾರೆ. ಆಟದ ಮೈದಾನದಲ್ಲಿ ಮೊಣಕಾಲೆತ್ತರ ಹುಲ್ಲು. ಮನೆಯಲ್ಲಿ ಬಾಗಿಲು ಹಾಕಿಕೊಂಡ ಮಗುವಿನ ಕೈಗೆ ಒಂದು ಫೋನು, ಇನ್ನೊಂದು ಕೈಗೆ ಐದು ರೂಪಾಯಿಯ ಪ್ಯಾಕೆಟು. ಪೂಜಿತಾಳ ಅಪ್ಪ ಮಾರನಹಳ್ಳಿ ಘಾಟಿಯಲ್ಲಿ ಲಾರಿ ಓಡಿಸುವವನು, ವಾರಕ್ಕೊಮ್ಮೆ ಬರುವವನು ಬರಿಗೈಲಿ ಬರುತ್ತಾನಾ? ಬಣ್ಣದ ಬಾಟಲಿ, ಕ್ರೀಮಿನ ಬಿಸ್ಕೆಟ್ಟು. ವಸಂತಳಿಗೆ ಒಂದೊಂದು ಸಲ ಅನುಮಾನ ಬಂದರೂ, ಅವ್ವನೇ ಬರೆದ ತೂಕ ಕಣ್ಣೆದುರಿಗಿತ್ತು. "ನೋಡಾಕೆ ಹಿಂಗವ್ಳೆ ಅಷ್ಟೇ, ತೂಕವೇ ಇಲ್ಲ" ಎಂದು ಬೆಳಿಗ್ಗೆಯ ಹಾಲಿಗೆ ಇನ್ನೆರಡು ಚಮಚ ಪುಡಿ ಕಲಸುತ್ತಿದ್ದಳು.

ಕಳೆದ ಕಾರ್ತಿಕದಲ್ಲಿ ಆ ಪಟ್ಟೆ ಕಾಣಿಸಿಕೊಂಡಿತು.

ಜಡೆ ಹಾಕುವಾಗ ಮೊದಲು ನೋಡಿದವಳು ವಸಂತ. ಪೂಜಿತಾಳ ಕತ್ತಿನ ಹಿಂಭಾಗದಲ್ಲಿ ಒಂದು ಕಪ್ಪು ಪಟ್ಟೆ, ಎರಡೂ ಕಡೆಗೆ ಸುತ್ತಿ ಕಿವಿಯ ಕೆಳಗೆ ಮುಗಿಯುತ್ತಿತ್ತು. ಕೊಳೆ ಎಂದು ಸೀಗೆಪುಡಿ ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದಳು. ಚರ್ಮ ಕೆಂಪಾಯಿತೇ ಹೊರತು ಕಪ್ಪು ಹೋಗಲಿಲ್ಲ. ಮಗು ಅತ್ತು ಸುಮ್ಮನಾದ ಮೇಲೆ ಒಂದು ಮಾತು ಹೇಳಿತು. "ಅಮ್ಮ, ಮನೆ ದಿಬ್ಬ ಹತ್ತುವಾಗ ಯಾರೋ ಉಪ್ಪುಮೂಟೆ ಕೂತಂಗೆ ಆಗ್ತದೆ. ಕೈಯಲ್ಲಿ ಕತ್ತು ಹಿಡ್ಕೊಂತಾಳೆ."

"ಯಾರೇ?"

"ಗೊತ್ತಿಲ್ಲ. ಸಣ್ಣೋಳು."

ವಸಂತ ಮತ್ತೊಮ್ಮೆ ಪಟ್ಟೆ ನೋಡಿದಳು. ಬೆನ್ನು ಹತ್ತಿದ ಮಗು ಬೀಳಬಾರದೆಂದು ಹಿಂದಿನಿಂದ ತೋಳು ಬಳಸಿ ಹಿಡಿದ ಜಾಗ ಅದು. ಸರಿಯಾಗಿ ಅಷ್ಟೇ ಅಗಲ.

ಇಂಥ ಮಾತು ಊರಲ್ಲಿ ಹರಡುವುದಕ್ಕೆ ಎಷ್ಟು ಹೊತ್ತು ಬೇಕು? ಶಾಲೆಯ ಗೇಟಿನ ಪಕ್ಕದ ಅಂಗಡಿ ರುದ್ರಯ್ಯ ಮಾತು ಮಾರುವುದರಲ್ಲೂ ಗಟ್ಟಿಗ. ಮೊದಲು ಕಪ್ಪು ಪಟ್ಟೆಯ ಮಾತು ಬಂತು, ಆಮೇಲೆ ತೂಕದ್ದು. "ಆ ಹುಡುಗಿ ನೋಡಾಕೆ ಆನೆಮರಿ ಹಂಗೈತೆ, ಪುಸ್ತಕದಲ್ಲಿ ನೋಡಿದ್ರೆ ಇಪ್ಪತ್ತೊಂಬತ್ತು ಕಿಲೋ. ಮೈ ಐತೆ, ತೂಕ ಇಲ್ಲ ಅಂದ್ರೆ ಏನರ್ಥ ಮಾರಾಯ? ಒಳಗಿರೋದು ಮನುಷ್ಯರದ್ದಲ್ಲ." ಅಲ್ಲಿಂದ ಮಕ್ಕಳು ಪೂಜಿತಾಳ ಪಕ್ಕ ಕೂರುವುದು ಬಿಟ್ಟರು. ಅವಳು ನಲ್ಲಿಯ ಹತ್ತಿರ ಹೋಗಿ ಮತ್ತೆ ಮತ್ತೆ ನೀರು ಕುಡಿಯುವುದನ್ನು ದೂರ ನಿಂತು ನೋಡುತ್ತಿದ್ದರು. ದೇವೀರಮ್ಮ ಅಂಗನವಾಡಿಯ ಕಿಟಕಿಯಿಂದ ಅದನ್ನೆಲ್ಲ ನೋಡಿದಳು. ಒಂಬತ್ತು ಕಿಲೋ ಕಳೆದು ಆ ಇಪ್ಪತ್ತೊಂಬತ್ತನ್ನು ಬರೆದದ್ದು ಎಂದು ಅವಳೊಬ್ಬಳಿಗೇ ಗೊತ್ತಿತ್ತು, ಆ ಸಂಕಟವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳುವ ಹಾಗಿರಲಿಲ್ಲ.

ಅದೇ ದಿನಗಳಲ್ಲಿ ನರ್ಸ್ ನಿಶಾತ್ ಬಂದದ್ದು. ಸಕಲೇಶಪುರದ ಹುಡುಗಿ, ಮಕ್ಕಳ ಆರೋಗ್ಯ ತಪಾಸಣೆಯ ಜೀಪಿನಲ್ಲಿ ಊರೂರು ತಿರುಗುವವಳು. ಈ ಸಲ ಅವಳ ಕೈಯಲ್ಲಿ ಹೊಸ ಸುತ್ತೋಲೆ ಇತ್ತು. ಮಕ್ಕಳು ಸೊರಗುವುದಷ್ಟೇ ಅಲ್ಲ, ಅತಿಯಾಗಿ ದಪ್ಪವಾಗುವುದನ್ನೂ ನೋಡಬೇಕು. ಬಿಸಿಯೂಟದಲ್ಲಿ ಎಣ್ಣೆ ಕಮ್ಮಿ. ಆಟದ ಪೀರಿಯಡ್ಡನ್ನು ಲೆಕ್ಕದ ಮೇಷ್ಟ್ರು ಕಸಿಯುವಂತಿಲ್ಲ. ಶಾಲೆಯ ಗೇಟಿನಿಂದ ಐವತ್ತು ಮೀಟರ್ ಒಳಗೆ ಪ್ಯಾಕೆಟ್ ತಿಂಡಿ, ಬಣ್ಣದ ನೀರು ಮಾರುವಂತಿಲ್ಲ. ಎತ್ತರಕ್ಕೆ ಮೀರಿದ ತೂಕದ ಮಕ್ಕಳ ಹೆಸರು ಪಟ್ಟಿಗೆ ಹೋಗಬೇಕು, ಪಟ್ಟಿಯಲ್ಲಿದ್ದವರನ್ನು ಸಕಲೇಶಪುರದ ಆಸ್ಪತ್ರೆಗೆ ಕರೆದೊಯ್ದು ರಕ್ತ ಪರೀಕ್ಷೆ.

ಆಟದ ಮಾತು ಬಂದಾಗ ಹೆಡ್‌ಮಾಸ್ಟರು, "ಆನೆ ಜೊತೆ ಆಡಿಸಬೇಕೇನಮ್ಮ?" ಎಂದರು. ನಿಶಾತ್ ನಗಲಿಲ್ಲ, ಕಾಂಪೌಂಡಿನೊಳಗಿನ ಹುಲ್ಲು ಕುಯ್ಯಿಸಿ ಸಾಕು ಎಂದಳು. ರುದ್ರಯ್ಯನಂತೂ ತಾನೇ ಟೇಪು ತಂದು ಗೇಟಿನಿಂದ ಅಳೆದ. ಐವತ್ತು ಮೀಟರ್ ಮುಗಿದ ಜಾಗದಲ್ಲಿ ಒಂದು ಹಲಸಿನ ಮರವಿತ್ತು, ಮಾರನೆಯ ದಿನ ಪ್ಯಾಕೆಟ್ಟಿನ ಸರಗಳೆಲ್ಲ ಅದರ ಕೊಂಬೆಗೆ ನೇತಾಡಿದವು. "ಐವತ್ತೊಂದನೇ ಮೀಟರಿನಲ್ಲಿ ಮಕ್ಕಳ ಹೊಟ್ಟೆ ಬೇರೆ ಆಗುತ್ತಾ ರುದ್ರಯ್ಯನವರೇ?" ಎಂದು ನಿಶಾತ್ ಕೇಳಿದರೆ, "ಕಾನೂನು ನಾನು ಮಾಡಿದ್ದಾ ಮೇಡಂ?" ಎಂದ. ಮಂಜಿನ ಬೆಳಿಗ್ಗೆಗಳಲ್ಲಿ ಆ ಮರ ಕಾಣುತ್ತಿರಲಿಲ್ಲ, ಹೊಳೆಯುವ ಪ್ಯಾಕೆಟ್ಟುಗಳು ಮಾತ್ರ ಗಾಳಿಯಲ್ಲಿ ತಾವಾಗಿಯೇ ತೂಗುತ್ತಿದ್ದವು.

ನಿಶಾತ್ ಶಾಲೆಯ ಗೋಡೆಗೆ ಒಂದು ಹಲಗೆ ಹೊಡೆಸಿದಳು. ಒಂದೊಂದು ಬಾಟಲಿಯ ಚಿತ್ರದ ಕೆಳಗೆ ಅದರೊಳಗಿರುವಷ್ಟು ಸಕ್ಕರೆಯನ್ನು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಂಟಿಸಿದ್ದಳು. ಬೆಳಗಾಗುವಷ್ಟರಲ್ಲಿ ಇರುವೆಗಳು ಸಾಲುಗಟ್ಟಿ ಗೋಡೆ ಹತ್ತಿ ಎಲ್ಲ ಕವರನ್ನೂ ಖಾಲಿ ಮಾಡಿದ್ದವು. ಎಷ್ಟು ಸಕ್ಕರೆ ಎಂದು ಮಕ್ಕಳಿಗೆ ಅದರಿಂದಲೇ ಚೆನ್ನಾಗಿ ಗೊತ್ತಾಯಿತು.

ನಿಶಾತ್ ಸುತ್ತೋಲೆ ತಂದ ಆ ಮೊದಲ ದಿನ ಅವಳ ಕಣ್ಣಿಗೆ ಬೀಳಬಾರದೆಂದು ದೇವೀರಮ್ಮ ಪೂಜಿತಾಳನ್ನು ಸ್ಟೋರ್ ಕೋಣೆಯಲ್ಲಿ ಕೂರಿಸಿದ್ದಳು. ಹೊರಗೆ ನಿಶಾತ್ ತಾಯಂದಿರಿಗೆ ಹೇಳುತ್ತಿದ್ದಳು: "ಕತ್ತಿನ ಹಿಂದೆ ಕಪ್ಪು ಪಟ್ಟೆ ಬಂದಿರೋ ಮಕ್ಕಳಿದ್ದರೆ ದಯವಿಟ್ಟು ಮುಚ್ಚಿಡಬೇಡಿ ಅಮ್ಮಾ. ಅದು ಕೊಳೆಯಲ್ಲ, ದೃಷ್ಟಿಯೂ ಅಲ್ಲ. ಮೈಯೊಳಗೆ ಸಕ್ಕರೆ ಕಾಯಿಲೆ ದಾರಿ ಹಿಡಿದಿದೆ ಅಂತ ಮೈಯೇ ಕೊಡೋ ಸೂಚನೆ. ಬೇಗ ಗೊತ್ತಾದರೆ ತಿರುಗಿಸಬಹುದು." ದೇವೀರಮ್ಮ ಕೈಯಲ್ಲಿದ್ದ ಪೆನ್ನನ್ನು ಮುಚ್ಚಿ ತೆರೆದು ಮುಚ್ಚಿ ತೆರೆದು ಮಾಡಿದಳು. ವಸಂತ ಆ ದಿನ ಕೂಲಿಗೆ ಹೋಗಿದ್ದಳು, ಕೇಳಿಸಿಕೊಳ್ಳಲಿಲ್ಲ. ಜೀಪು ಹೋದ ಮೇಲೆ ಸ್ಟೋರಿನ ಬಾಗಿಲು ತೆಗೆದರೆ ಪೂಜಿತಾ ನೆಲದ ಮೇಲೆ ಕೂತು ತೂಗುವ ಜೋಳಿಗೆಯನ್ನು ನೋಡುತ್ತಿದ್ದಳು. ಬೇಜಾರಾಯ್ತಾ ಮಗೀ ಎಂದರೆ, ಇಲ್ಲ ಎಂದಳು. "ಆಡ್ತಿದ್ವಿ."

"ಯಾರ ಜೊತೆ?"

ಹುಡುಗಿ ನೀರು ಕೇಳಿದಳು. ಒಂದು ಚೆಂಬು ಪೂರ್ತಿ ಕುಡಿದು ಇನ್ನೊಂದು ಕೇಳಿದಳು.

ಪಟ್ಟಿ ಬಂತು. ಎರಡು ಮಕ್ಕಳ ಹೆಸರಿತ್ತು. ಇಪ್ಪತ್ತೊಂಬತ್ತು ಕಿಲೋ ಆರುನೂರು ಗ್ರಾಂ ಎಂದು ದೇವೀರಮ್ಮ ಬರೆದು ಕಳಿಸಿದ್ದ ಪೂಜಿತಾಳ ಹೆಸರು ಇರಲಿಲ್ಲ. ಬರುವ ಗುರುವಾರ ಜೀಪು ಬಂದು ಆ ಇಬ್ಬರನ್ನು ಕರೆದುಕೊಂಡು ಹೋಗುವುದೆಂದು ಗೊತ್ತಾಯಿತು.

ಬುಧವಾರ ಸಂಜೆ ವಸಂತ ಅಂಗನವಾಡಿಗೆ ಬಂದಳು. ಮುಖ ಬಾಡಿತ್ತು. "ಅವ್ವ, ನಾಡಿದ್ದು ಶುಕ್ರವಾರ ಪೂಜಿನ ಆಲೂರು ಕಡೆ ಕರ್ಕೊಂಡು ಹೋಯ್ತೀನಿ. ಅಲ್ಲೊಬ್ರು ಅವ್ರಂತೆ. ಸೂಜಿ ಕಾಯಿಸಿ ಕತ್ತಿಗೆ ಬರೆ ಎಳೆದ್ರೆ ಬೆನ್ನು ಹತ್ತಿದೋಳು ಇಳ್ದು ಹೋಗ್ತಾಳಂತೆ."

"ಬರೆನಾ? ಒಂಬತ್ತು ವರ್ಷದ ಮಗೀಗಾ?"

"ಇನ್ನೇನ್ ಮಾಡ್ಲವ್ವ? ಆಸ್ಪತ್ರೆ ಪಟ್ಟಿಲಿ ಅವಳ ಹೆಸ್ರಿಲ್ಲ. ಕಾಯಿಲೆ ಇದ್ದಿದ್ರೆ ಬರ್ತಿತ್ತಲ್ಲ? ಕಾಯಿಲೆ ಅಲ್ಲ ಅಂದ್ಮೇಲೆ ಇದು ಅದೇ ಕಣವ್ವ."

ದೇವೀರಮ್ಮನಿಗೆ ಆ ಕ್ಷಣವೇ ಹೇಳಿಬಿಡಬೇಕೆನಿಸಿತು. ಆದರೆ ತುಟಿ ಬಿಚ್ಚಿದರೆ ಹೊರಗೆ ಬರುವುದು ಒಂದು ಸಂಖ್ಯೆ. ಒಮ್ಮೆ ಹಾಗೆ ಕೂಗಿ ಹೇಳಿದ್ದಕ್ಕೆ ಒಂಬತ್ತು ದಿನದಲ್ಲಿ ಒಂದು ಮಗು ಹೋಗಿತ್ತು. ಹೇಳದಿದ್ದರೆ ಒಳಗಿನ ಸಕ್ಕರೆ ಮಗುವನ್ನು ತಿನ್ನುತ್ತದೆ, ಅದಕ್ಕೆ ಮೊದಲು ಕಾದ ಸೂಜಿ. ಹೇಳಿದರೆ ಕೆಂಚಿಯ ಕಣ್ಣು. ಅವಳು ತಿರುಗಿ ಸ್ಟೋರ್ ಕೋಣೆಯ ಕಡೆ ನೋಡಿದಳು. ಅರ್ಧ ತೆರೆದ ಬಾಗಿಲಲ್ಲಿ ಜೋಳಿಗೆ ಸುಮ್ಮನೆ ತೂಗುತ್ತಿತ್ತು. ವಸಂತ ಎದ್ದು ಹೋದದ್ದೇ ಅವಳಿಗೆ ತಿಳಿಯಲಿಲ್ಲ.

ಗುರುವಾರ ಹತ್ತು ಗಂಟೆಯಾದರೂ ಮಂಜು ಬಿಟ್ಟಿರಲಿಲ್ಲ. ತೂಕದ ದಿನವಾದ್ದರಿಂದ ವಸಂತಳೂ ಸೇರಿ ತಾಯಂದಿರೆಲ್ಲ ಬಂದಿದ್ದರು. ನಿಶಾತ್ ಪಟ್ಟಿಯ ಇಬ್ಬರು ಮಕ್ಕಳನ್ನು ಜೀಪಿನ ಹತ್ತಿರ ನಿಲ್ಲಿಸಿ, ಸಹಿ ಹಾಕಿಸಲು ಒಳಗೆ ಬಂದಳು. ಅಷ್ಟರಲ್ಲಿ ದೇವೀರಮ್ಮ ಬಾಗಿಲಿಗೆ ಹೋಗಿ ಶಾಲೆಯ ಕಡೆ ಮುಖ ಮಾಡಿ ಪೂಜಿತಾಳನ್ನು ಕರೆದಳು. ಹುಡುಗಿ ಮಂಜಿನಿಂದ ಹೊರಬರುವಾಗ ಬಗ್ಗಿ ನಡೆಯುತ್ತಿದ್ದಳು, ಬೆನ್ನ ಮೇಲೆ ಪುಸ್ತಕದ ಚೀಲ ಇರಲಿಲ್ಲ. ಹೆಂಗಸರು ಸರಿದು ದಾರಿ ಬಿಟ್ಟರು. ನಿಶಾತ್ ಮಗುವನ್ನು ಕಂಡವಳೇ ಕತ್ತಿನ ಪಟ್ಟೆ ನೋಡಿದಳು, ಆಮೇಲೆ ದೇವೀರಮ್ಮನ ಮುಖ ನೋಡಿದಳು.

"ಹತ್ತು ಮಗೀ" ಎಂದಳು ದೇವೀರಮ್ಮ, ತೂಕದ ಯಂತ್ರ ತೋರಿಸಿ.

ಪೂಜಿತಾ ಹತ್ತಲಿಲ್ಲ. ಒಂದು ಕಾಲು ಇಟ್ಟು ತೆಗೆದಳು. "ಅಜ್ಜಿ, ಅವಳನ್ನ ಇಳಿಸಿ ತೂಗು."

ಹಿಂದೆ ಸ್ಟೋರಿನಲ್ಲಿ ಹಗ್ಗ ಕಿರ್ರೆಂದಿತು, ಎಲ್ಲರಿಗೂ ಕೇಳಿಸಿತು. ದೇವೀರಮ್ಮ ಮೊಮ್ಮಗಳ ಭುಜ ಹಿಡಿದು ಯಂತ್ರದ ಮೇಲೆ ನಿಲ್ಲಿಸಿದಳು. ಕೆಂಪು ಅಂಕಿಗಳು ಓಡಿ ನಿಂತವು. ಗೋಡೆಯ ಕಡೆ ತಿರುಗಿದ್ದ ವಸಂತ ಅಭ್ಯಾಸಬಲದಿಂದ ಮೆಲ್ಲಗೆ ಕೇಳಿದಳು. "ಕೆಂಚೀದು ಕಳೆದ್ಯಾ ಅವ್ವ?"

"ಇಲ್ಲ" ಎಂದಳು ದೇವೀರಮ್ಮ.

ಆಮೇಲೆ, ಮೂವತ್ತು ವರ್ಷದ ಹಿಂದೆ ಹೇಗೆ ಕೂಗಿದ್ದಳೋ ಹಾಗೆಯೇ, ಗೇಟಿನಾಚೆಯ ರುದ್ರಯ್ಯನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು. "ಮೂವತ್ತೆಂಟು ಕಿಲೋ ಆರುನೂರು ಗ್ರಾಂ. ಪೂಜಿತಾ ಮೂವತ್ತೆಂಟು ಕಿಲೋ ಆರುನೂರು ಗ್ರಾಂ." ಆಮೇಲೆ ಹೆಂಗಸರ ಕಡೆ ತಿರುಗಿದಳು. "ಇವಳ ಮೈಗೆ ತೂಕ ಐತೆ. ಗಾಳಿ ಅಲ್ಲ, ದೆವ್ವ ಅಲ್ಲ. ಇಪ್ಪತ್ತೊಂಬತ್ತು ಅಂತ ಬರ್ದೋಳು ನಾನು. ಒಂಬತ್ತು ಕಿಲೋ ನಾನೇ ಕಳೆದೆ. ನಿಮ್ ಮಕ್ಕಳದ್ದೂ ಒಂದೊಂದು ಕಿಲೋ ಕಳೆದೇ ಬರ್ದಿದೀನಿ, ನಿಮ್ಗೆಲ್ಲ ಗೊತ್ತೈತೆ. ನಿಶಾತ್ ಮೇಡಂ, ನಿಮ್ಗೊಬ್ರಿಗೇ ಗೊತ್ತಿರಲಿಲ್ಲ."

ಹೆಂಗಸರು ಸೆರಗನ್ನು ಎಳೆದು ತಮ್ಮ ತಮ್ಮ ಮಕ್ಕಳ ತಲೆ ಮೇಲೆ ಹಾಕಿಕೊಂಡರು. ವಸಂತಳ ಮುಖ ಬಿಳಿಚಿಕೊಂಡಿತು. "ಎಲ್ಲಾ ಗೊತ್ತಿದ್ದೂ ಕೂಗ್‌ಬುಟ್ಟಲ್ಲವ್ವ" ಎಂದಳು. ಆಮೇಲೆ, ಈಗಷ್ಟೇ ಅರ್ಥವಾದವಳ ಹಾಗೆ, "ಒಂಬತ್ತು ಕಿಲೋನಾ? ನಾನು ತೂಕ ಇಲ್ಲ ಅಂತ ಬಾಯಿಗೆ ತುರುಕ್ತಾ ಇದ್ನಲ್ಲವ್ವ ಮಗೀಗೆ" ಎಂದು ಅಳುವುದಕ್ಕೆ ಶುರು ಮಾಡಿದಳು. ದೇವೀರಮ್ಮ ಮೊಮ್ಮಗಳನ್ನು ಯಂತ್ರದಿಂದ ಇಳಿಸಿಕೊಂಡಳು.

ನಿಶಾತ್ ಬೈಯುವ ಹುಡುಗಿಯಲ್ಲ. ಎತ್ತರ ಅಳೆದಳು, ಫೋನಿನಲ್ಲಿ ಅಂಕಿ ಒತ್ತಿದಳು, ಪೂಜಿತಾಳ ಹೆಸರಿನ ಮುಂದಿನ ಬಣ್ಣ ಹಸಿರಿನಿಂದ ಕೆಂಪಾಯಿತು. "ಎಲ್ಲ ಮಕ್ಕಳನ್ನೂ ಮತ್ತೆ ತೂಗಬೇಕಾಗುತ್ತೆ ಅಮ್ಮಾ. ಮೇಲೆ ನಾನು ಇದ್ದದ್ದನ್ನೇ ಹೇಳಬೇಕು" ಎಂದಳು. ಹೇಳಿ ಎಂದು ದೇವೀರಮ್ಮ ತಲೆಯಾಡಿಸಿದಳು. ಜೀಪು ಮೂರು ಮಕ್ಕಳನ್ನೂ ವಸಂತಳನ್ನೂ ಹತ್ತಿಸಿಕೊಂಡು ಹಲಸಿನ ಮರ ದಾಟಿ ಮಂಜಿನೊಳಗೆ ಹೋಯಿತು. ಉಳಿದ ತಾಯಂದಿರು ಆ ದಿನ ಮಕ್ಕಳನ್ನು ತೂಗಿಸದೆ ಎತ್ತಿಕೊಂಡು ಮನೆಗೆ ಹೊರಟರು. ಹೋಗುವಾಗ ಒಬ್ಬರೂ ಟೀಚ್ರಮ್ಮನ ಜೊತೆ ಮಾತಾಡಲಿಲ್ಲ.

ಮಧ್ಯಾಹ್ನ ಅಂಗನವಾಡಿಯಲ್ಲಿ ಮಲಗುವ ಮಕ್ಕಳೇ ಇರಲಿಲ್ಲ. ದೇವೀರಮ್ಮ ಫೋನನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಳು. ಒಂಬತ್ತು ದಿನ ಎಂದು ಅವಳ ತಲೆ ಒಂದೇ ಸಮನೆ ಹೇಳುತ್ತಿತ್ತು. ಆ ಒಂಬತ್ತು ದಿನ ತಾನು ಹೇಗೆ ಕಳೆಯುವುದೆಂದು ಅವಳಿಗೆ ತಿಳಿಯಲಿಲ್ಲ. ಮೂರು ಗಂಟೆಗೆ ಫೋನು ಬಂತು, ನಿಶಾತ್.

"ಸಕ್ಕರೆ ಏರಿದೆ ಅಮ್ಮಾ, ಆದರೆ ಇನ್ನೂ ಕಾಯಿಲೆಯ ಗೆರೆ ದಾಟಿಲ್ಲ. ಹೊಸ್ತಿಲ ಮೇಲಿದ್ದಾಳೆ. ಊಟ ಬದಲಾಯಿಸಿ, ದಿನಾ ಓಡಾಡಿಸಿ, ತಿಂಗಳಿಗೊಮ್ಮೆ ಕರೆದುಕೊಂಡು ಬಂದರೆ ತಿರುಗಿಸಬಹುದು ಅಂದರು ಡಾಕ್ಟರು. ಇನ್ನೊಂದು ವರ್ಷ ಬಿಟ್ಟಿದ್ದರೆ ಕಷ್ಟವಿತ್ತು. ವಸಂತ ಅವರು ಶುಕ್ರವಾರ ಎಲ್ಲಿಗೂ ಹೋಗಲ್ವಂತೆ."

ದೇವೀರಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆ ಕಡೆ ಫೋನು ಕೈ ಬದಲಾಯಿತು.

"ಅಜ್ಜಿ" ಪೂಜಿತಾಳ ದನಿ. "ಆಸ್ಪತ್ರೆ ಮೆಟ್ಲು ಹತ್ತುವಾಗ ಏನೂ ಭಾರ ಆಗ್ಲಿಲ್ಲ."

"ಒಳ್ಳೇದಾಯ್ತು ಕಣೇ ಮಗೀ."

"ಅವಳು ಜೀಪು ಹತ್ಲಿಲ್ಲ ಅಜ್ಜಿ. ನಾ ಕರೆದೆ, ಬರ್ಲಿಲ್ಲ. ಅಲ್ಲೇ ನಿಂತವ್ಳೆ, ನಿನ್ ಹತ್ರ."

ಫೋನು ಇಟ್ಟು ದೇವೀರಮ್ಮ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು ಸ್ಟೋರ್ ಕೋಣೆಗೆ ಹೋದಳು. ಜೋಳಿಗೆ ತೂಗುತ್ತಿರಲಿಲ್ಲ. ತಳ ಜಗ್ಗಿರಲಿಲ್ಲ, ಒಣಗಿದ ಬಟ್ಟೆಯ ಹಾಗೆ ಚಪ್ಪಟೆ ಇಳಿಬಿದ್ದಿತ್ತು. ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ನಿಂತಿತ್ತು. ಇಷ್ಟು ವರ್ಷ ಒಂದು ಸಲವೂ ಅದು ಅಲ್ಲಿ ನಿಂತದ್ದನ್ನು ಅವಳು ನೋಡಿರಲಿಲ್ಲ. ಅವಳಿಗೆ ಓಡಬೇಕೆನಿಸಲಿಲ್ಲ. ತಾನು ಕೊಟ್ಟ ಕಿಲೋಗಳನ್ನು ತಿಂದು ಕಾದುಕೊಂಡಿದ್ದ ಮಗುವಿಗೆ ಬೇಕಾಗಿದ್ದದ್ದು ಕಿಲೋ ಅಲ್ಲವೇನೋ. ಮೂವತ್ತು ವರ್ಷದಲ್ಲಿ ಅದನ್ನು ಹೆಸರು ಹಿಡಿದು ಕರೆದವರು ಯಾರೂ ಇರಲಿಲ್ಲ, ಕಳೆದಿರಾ ಎಂದು ಕೇಳಿದವರೇ ಎಲ್ಲ.

ದೇವೀರಮ್ಮ ಬಾಗಿಲಿಗೆ ಬೆನ್ನು ಮಾಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ನೋಯುತ್ತಿದ್ದರೂ ಕುಕ್ಕುರುಗಾಲಲ್ಲಿ ಕೂತಳು. ಎರಡೂ ಕೈಗಳನ್ನು ಹಿಂದಕ್ಕೆ ಚಾಚಿದಳು.

"ಬಾ ಕೆಂಚಿ" ಎಂದಳು. "ಮಕ್ಕಳ ಬೆನ್ನು ಬುಟ್ಬುಡು. ನನ್ ಬೆನ್ನಿಗೆ ಬಾ."

ನಾಲ್ಕು ಗಂಟೆಗೆ ರುದ್ರಯ್ಯ ಹಲಸಿನ ಮರದ ಕೆಳಗೆ ಪ್ಯಾಕೆಟ್ಟಿನ ಸರ ಬಿಚ್ಚುತ್ತಿದ್ದಾಗ ಟೀಚ್ರಮ್ಮ ಅಂಗನವಾಡಿಗೆ ಬೀಗ ಹಾಕಿ ದಿಬ್ಬದ ದಾರಿ ಹಿಡಿದದ್ದನ್ನು ನೋಡಿದ. ಕೈಯಲ್ಲಿ ಏನೂ ಇರಲಿಲ್ಲ. ಮುಂದಕ್ಕೆ ಬಗ್ಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡುತ್ತ ಹತ್ತುತ್ತಿದ್ದಳು. ಸುಸ್ತಾಯ್ತಾ ಟೀಚ್ರಮ್ಮ, ಸ್ವಲ್ಪ ಕೂತ್ಕೊಂಡು ಹೋಗಿ ಎಂದು ಅವನು ಕೂಗಿದ. ಅವಳು ತಿರುಗಲಿಲ್ಲ. ಕತ್ತಿನ ಹತ್ತಿರ ಏನನ್ನೋ ಸರಿಮಾಡಿಕೊಂಡು, "ಬಿಗಿಯಾಗಿ ಹಿಡ್ಕೋ ಮಗೀ, ಮನೆ ಬಂತು" ಎಂದಳು, ಮತ್ತೆ ಹತ್ತಿದಳು.